ಯಾವ ಸ್ಯಾನಿ ಫೈಟ್?

ಬಕ್ಕಿ ಅನ್ನೋದು ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಒಂದು ಮೀನುಗಾರರ ಊರು. ಆ ಊರಲ್ಲಿ ಜಾರ್ಜ್ ಕೌಯಿ ಅನ್ನೋ ಹೆಸರಿನವರು 25 ಜನ ಇದ್ದಾರೆ ಅಂತ 1842ರಲ್ಲಿ ಎಡಿನ್‌ಬರೋದ ಒಂದು ಮಾಸಪತ್ರಿಕೆ ಬರೆದಿತ್ತು. ಅಪ್ಪನೂ ಜಾರ್ಜ್, ಚಿಕ್ಕಪ್ಪನ ಮಗನೂ ಜಾರ್ಜ್, ಎದುರು ಮನೆಯವನೂ ಜಾರ್ಜ್. ಎಲ್ಲರೂ ಕೌಯಿಗಳೇ. ಎಲ್ಲರ ಹೊಟ್ಟೆಪಾಡೂ ಕಡಲೇ.

ಈ ಒಂದು ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಮ್ಮೂರು ನೆನಪಾಯಿತು. ಹಾವೇರಿ ಕಡೆಯ ಸಣ್ಣ ಊರು ನಮ್ಮದು. ಪೋಸ್ಟ್‌ಮ್ಯಾನ್ ಬಂದು "ಬಸಪ್ಪ ಅಂದ್ರ ಯಾರ್ರೀ?" ಅಂತ ಕೇಳಿದರೆ ಕಟ್ಟೆ ಮೇಲೆ ಕೂತವರೆಲ್ಲ ಒಟ್ಟಿಗೆ "ಯಾವ ಬಸಪ್ಪ?" ಅನ್ನುತ್ತಿದ್ದರು. ತೋಟದ ಬಸಪ್ಪನಾ, ಮೆಣಸಿನಕಾಯಿ ಬಸಪ್ಪನಾ, ಕಡೇಮನಿ ಬಸಪ್ಪನಾ? ಆ "ಯಾವ" ಅನ್ನೋ ಮಾತು ಹಿಡಿದುಕೊಂಡೇ ನಾನು ಬಕ್ಕಿಯ ತನಕ ಹೋದೆ.

ಕೆಲಸದ ಮೇಲೆ ಕೆಲವು ತಿಂಗಳು ಅಬರ್ಡೀನ್‌ನಲ್ಲಿದ್ದೆ. ಶನಿವಾರ ಬಂದರೆ ಸಾಕು, ಬಸ್ ಹತ್ತಿ ಕರಾವಳಿ ಕಡೆ ಹೊರಡುತ್ತಿದ್ದೆ. ಬ್ಯಾನ್ಫ್ ದಾಟಿ ಪಶ್ಚಿಮಕ್ಕೆ ಹೋದರೆ ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ಕಲನ್, ಪೋರ್ಟ್‌ನಾಕಿ, ಫಿಂಡಾಕ್ಟಿ, ಪೋರ್ಟೆಸ್ಸಿ, ಬಕ್ಕಿ. ಮೊದಲ ಊರಿಂದ ಕೊನೆಯ ಊರಿಗೆ ಹತ್ತು ಹನ್ನೊಂದು ಕಿಲೋಮೀಟರ್ ಅಷ್ಟೇ. ಮನೆಗಳು ತಗ್ಗು, ಗೋಡೆ ದಪ್ಪ. ಹಳೇ ಮನೆಗಳಲ್ಲಿ ಎಷ್ಟೋ ಕಡಲಿಗೆ ಮುಖ ಮಾಡಿಲ್ಲ, ಪಕ್ಕೆ ಕೊಟ್ಟು ನಿಂತಿವೆ. ಗಾಳಿ ಹಾಗೆ ಬೀಸುತ್ತದೆ ಅಲ್ಲಿ. ಕಿಟಕಿಯ ಸುತ್ತಲಿನ ಕಲ್ಲಿಗೆ ಒಂದೊಂದು ಮನೆಯವರು ಒಂದೊಂದು ಬಣ್ಣ ಬಳಿದಿರುತ್ತಾರೆ. ಫಿಂಡಾಕ್ಟಿಯಲ್ಲಂತೂ ನೋಡುತ್ತಾ ನಿಂತರೆ ಕಾಲು ಕೀಳೋಕೆ ಮನಸ್ಸೇ ಬರೋದಿಲ್ಲ.

ಈ ಊರುಗಳಲ್ಲಿ ಅಧಿಕೃತ ಹೆಸರಿನ ಜೊತೆಗೆ ಇನ್ನೊಂದು ಹೆಸರು ಇರುತ್ತಿತ್ತು. ಅದನ್ನು ಅವರು "ಟೀ-ನೇಮ್" ಅನ್ನುತ್ತಾರೆ. ನಾವು ಕುಡಿಯುವ ಟೀಗೂ ಇದಕ್ಕೂ ಸಂಬಂಧವಿಲ್ಲ. ಅವರ ಮಾತಿನಲ್ಲಿ "ಟೀ" ಅಂದರೆ "ಜೊತೆಗೆ", "ಮೇಲಾಗಿ" ಅಂತ. ಇರೋ ಹೆಸರಿಗೆ ಸೇರಿಸಿದ ಹೆಸರು. ಕನ್ನಡದಲ್ಲಿ ಇದಕ್ಕೆ ಏನನ್ನಬೇಕು ಅಂತ ತುಂಬಾ ಯೋಚನೆ ಮಾಡಬೇಕಾಗಲಿಲ್ಲ. ನಮ್ಮಲ್ಲಿ ಅಡ್ಡಹೆಸರು ಅನ್ನೋ ಒಳ್ಳೆಯ ಮಾತಿದೆ. ಗೆಳೆಯರು ಇಟ್ಟಿದ್ದೂ ಅಡ್ಡಹೆಸರೇ, ಮನೆತನಕ್ಕೆ ಅಂಟಿಕೊಂಡು ಬಂದಿದ್ದೂ ಅಡ್ಡಹೆಸರೇ. ಸ್ಕಾಟ್ಲೆಂಡಿನ ಮೀನುಗಾರರ ಟೀ-ನೇಮ್ ಇವೆರಡರ ನಡುವೆ ನಿಂತಿದೆ. ಯಾರೋ ಯಾವತ್ತೋ ಒಬ್ಬನಿಗೆ ಇಟ್ಟ ಹೆಸರು ಅವನ ಮಕ್ಕಳಿಗೂ, ಅವರ ಮಕ್ಕಳಿಗೂ ಇಳಿದು ಬರುತ್ತದೆ. ಆದರೆ ಕೌಯಿ ಅನ್ನೋ ಮನೆತನದ ಹೆಸರನ್ನು ತಳ್ಳಿ ತಾನೇ ಆ ಜಾಗದಲ್ಲಿ ಕೂರೋದಿಲ್ಲ. ಅದರ ಪಕ್ಕದಲ್ಲೇ ಇರುತ್ತದೆ.

ಒಂದೂರಲ್ಲಿ 25 ಜಾರ್ಜ್ ಕೌಯಿಗಳು ಆಗಿದ್ದಾದರೂ ಹೇಗೆ?

ಮೊದಲನೆಯದಾಗಿ, ಈ ಊರುಗಳು ಹುಟ್ಟಿದ್ದೇ ಬೆರಳೆಣಿಕೆಯ ಕುಟುಂಬಗಳಿಂದ. ಪೋರ್ಟ್‌ನಾಕಿ 1677ರಲ್ಲಿ ಶುರುವಾಯಿತು, ಕಲನ್‌ನಿಂದ ಬಂದವರಿಂದ. ಫಿಂಡಾಕ್ಟಿಗೆ 1716ರಲ್ಲಿ ಫ್ರೇಜರ್‌ಬರೋದಿಂದ 13 ಗಂಡಸರು, 4 ಹುಡುಗರು ಬಂದು ಮೀನುಗಾರಿಕೆ ಹೂಡಿದರು. ಪೋರ್ಟೆಸ್ಸಿಯಲ್ಲಿ 1727ರಲ್ಲಿ ಅಲ್ಲಿಯ ಜಮೀನ್ದಾರ ಐದು ಮನೆ ಕಟ್ಟಿಸಿ ಫಿಂಡ್‌ಹಾರ್ನ್‌ನ ಮೀನುಗಾರರನ್ನು ಕೂರಿಸಿದ. ಐದೇ ಮನೆ! ಅಲ್ಲಿಂದ ಮುಂದೆ ಊರು ಬೆಳೆದಂತೆ ಜನ ಜಾಸ್ತಿಯಾದರು, ಮನೆತನದ ಹೆಸರುಗಳು ಮಾತ್ರ ಅಷ್ಟೇ ಉಳಿದವು. ಬಕ್ಕಿಯಲ್ಲಿ ಕೌಯಿ, ಸ್ಮಿತ್, ರೀಡ್. ಫಿಂಡಾಕ್ಟಿಯಲ್ಲಿ ಫ್ಲೆಟ್, ಸದರ್ಲೆಂಡ್, ಮತ್ತೆ ಸ್ಮಿತ್. ಪೋರ್ಟ್‌ನಾಕಿಯಲ್ಲಿ ಮೇರ್, ವುಡ್, ಸ್ಲೇಟರ್, ಪೀರಿ. ಕಲನ್‌ನಲ್ಲಿ ಫಿಂಡ್ಲೆ, ಗಾರ್ಡಿನರ್. ಇನ್ನೂ ಪೂರ್ವಕ್ಕೆ ಗಾರ್ಡನ್ಸ್‌ಟೌನ್‌ಗೆ ಹೋದರೆ ವೆಸ್ಟ್, ವಾಟ್, ವೈಸ್‌ಮನ್. ಪಶ್ಚಿಮಕ್ಕೆ ನೇರ್ನ್‌ನ ಮೀನುಗಾರರ ಕೇರಿಯಲ್ಲಿ ಎಲ್ಲಿ ನೋಡಿದರೂ ಮೇನ್.

ಎರಡನೆಯದು, ಹೆಸರಿಡುವ ಪದ್ಧತಿ. ಹಿರೀ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನದು, ಮೂರನೆಯವನಿಗೆ ಅಪ್ಪನದೇ. ಈಗ ಲೆಕ್ಕ ಹಾಕಿ. ಅಜ್ಜ ಜಾರ್ಜ್ ಕೌಯಿಗೆ ಐದು ಗಂಡು ಮಕ್ಕಳು ಅಂದುಕೊಳ್ಳಿ. ಐವರೂ ತಮ್ಮ ಹಿರೀ ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಒಂದೇ ತಲೆಮಾರಿನಲ್ಲಿ, ಒಂದೇ ಬೀದಿಯಲ್ಲಿ, ಹೆಚ್ಚುಕಮ್ಮಿ ಒಂದೇ ವಯಸ್ಸಿನ ಐದು ಜಾರ್ಜ್ ಕೌಯಿಗಳು. ಅಜ್ಜನೂ ಇನ್ನೂ ಗಟ್ಟಿಯಾಗಿದ್ದರೆ ಆರು. ಅಜ್ಜನ ಹೆಸರು ಉಳಿಸಬೇಕು ಅನ್ನೋ ಆಸೆ ನಮಗೇನೂ ಹೊಸದಲ್ಲ ಬಿಡಿ. ನಮ್ಮ ಬಸಪ್ಪಗಳೂ ಹೀಗೇ ಆದವರು.

ಮೂರನೆಯ ಕಾರಣ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಹಿಡಿದು ನಿಲ್ಲಿಸಿತು. ಮೀನುಗಾರ ಮೀನುಗಾರರ ಮನೆಯ ಹುಡುಗಿಯನ್ನೇ ಮದುವೆಯಾಗುತ್ತಿದ್ದ. ಒಂದೆರಡು ಮೈಲಿ ಒಳಗಿನ ರೈತರ ಮನೆಯ ಹೆಣ್ಣು ತರುತ್ತಿರಲಿಲ್ಲ. ಇದರಲ್ಲಿ ಮೇಲು ಕೀಳಿನ ಮಾತೂ ಇತ್ತು ಅಂತ ಹೇಳುತ್ತಾರೆ. ರೈತರು ಮೀನಿನವರನ್ನು ಬೇರೆ ಜನ ಅಂತಲೇ ನೋಡುತ್ತಿದ್ದರು. ಆದರೆ ದೊಡ್ಡ ಕಾರಣ ಕೆಲಸ. ದೋಣಿ ಗಂಡಸಿನದಾದರೆ ಉಳಿದದ್ದೆಲ್ಲ ಹೆಂಗಸಿನ ಮೇಲೆ. ಗಾಳದ ಕಾಲದಲ್ಲಿ ಒಬ್ಬ ಗಂಡಸಿನ ಹಗ್ಗಕ್ಕೆ ಸಾವಿರದಷ್ಟು ಗಾಳ ಇರುತ್ತಿದ್ದವು. ಒಂದೊಂದು ಗಾಳಕ್ಕೂ ಮಸ್ಸೆಲ್ ಅನ್ನೋ ಚಿಪ್ಪುಮೀನನ್ನು ಬಿಡಿಸಿ ಚುಚ್ಚಬೇಕು. ಆಮೇಲೆ ಹಗ್ಗವನ್ನು ಬುಟ್ಟಿಯಲ್ಲಿ ಸುತ್ತು ಸುತ್ತಾಗಿ ಇಡಬೇಕು. ಸುತ್ತಿನ ನಡುವೆ ಹುಲ್ಲು ಹಾಸಬೇಕು. ಇಲ್ಲದಿದ್ದರೆ ಕಡಲಲ್ಲಿ ಬಿಡುವಾಗ ಗಾಳಕ್ಕೆ ಗಾಳ ಸಿಕ್ಕಿಕೊಂಡು ಆ ದಿನವೇ ಹಾಳು. ಬೆಳಗಿನ ಕತ್ತಲಲ್ಲಿ, ಚಳಿಗೆ ಬೆರಳು ಮರಗಟ್ಟಿರುವಾಗ ಮಾಡುವ ಕೆಲಸ ಇದು. ಅದು ಮುಗಿದರೆ ಬೆನ್ನ ಮೇಲೆ ಮೀನಿನ ಬುಟ್ಟಿ ಹೊತ್ತು ಹಳ್ಳಿ ಹಳ್ಳಿಗೆ ಮಾರಾಟ. ಬಂದರು ಕಟ್ಟದ ಊರುಗಳಲ್ಲಿ ಹೆಂಗಸರು ಸೊಂಟದ ತನಕ ನೀರಿಗಿಳಿದು ಗಂಡಂದಿರನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಬಿಡುತ್ತಿದ್ದರು. ದಿನವೆಲ್ಲ ಕಡಲಲ್ಲಿ ಇರುವವನ ಬಟ್ಟೆ ಮೊದಲೇ ಒದ್ದೆಯಾಗಬಾರದಲ್ವಾ, ಅದಕ್ಕೆ.

ಚಿಕ್ಕಂದಿನಿಂದ ಮಾಡದವಳಿಗೆ ಈ ಕೆಲಸ ಬರೋದಿಲ್ಲ. ಹಾಗಾಗಿ ಕೌಯಿ ಹುಡುಗ ಸ್ಮಿತ್ ಹುಡುಗಿಯನ್ನು ತಂದ, ಸ್ಮಿತ್ ಹುಡುಗ ಕೌಯಿ ಹುಡುಗಿಯನ್ನು ತಂದ, ಹೆಸರುಗಳು ಅಲ್ಲಲ್ಲೇ ಸುತ್ತಿದವು. ಮದುವೆಯಾದ ಮೇಲೂ ಊರವರು ಹೆಂಗಸನ್ನು ತವರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಅಂಗಡಿಯವನು ಸಾಲದ ಪುಸ್ತಕದಲ್ಲಿ ಗಂಡನ ಹೆಸರು, ಅವನ ಟೀ-ನೇಮ್, ಮತ್ತೆ ಹೆಂಡತಿಯ ಹೆಸರು, ಹೀಗೆ ಮೂರನ್ನೂ ಬರೆದುಕೊಳ್ಳುತ್ತಿದ್ದನಂತೆ. ಇಲ್ಲದಿದ್ದರೆ ಯಾವ ಜಾರ್ಜ್ ಕೌಯಿಯ ಸಾಲವನ್ನು ಯಾವ ಜಾರ್ಜ್ ಕೌಯಿಯ ಹತ್ತಿರ ಕೇಳೋದು?

1842ರ ಆ ಪತ್ರಿಕೆಯಲ್ಲೇ ಒಂದು ಕಥೆ ಬರುತ್ತದೆ. ಸ್ಕಾಟ್ಲೆಂಡಿನ ಅಡ್ಡಹೆಸರುಗಳ ಬಗ್ಗೆ ಯಾರು ಬರೆದರೂ ಇದನ್ನು ಹೇಳದೆ ಬಿಡೋದಿಲ್ಲ. ನಾನೂ ಬಿಡೋದಿಲ್ಲ.

ಬಕನ್ ಸೀಮೆಯ ಒಂದು ಮೀನುಗಾರರ ಹಳ್ಳಿಗೆ ಹೊರಗಿನವನೊಬ್ಬ ಬರುತ್ತಾನೆ. ಅವನಿಗೆ ಅಲೆಕ್ಸಾಂಡರ್ ವೈಟ್ ಅನ್ನುವವನನ್ನು ನೋಡಬೇಕು. ಆ ಕಡೆಯ ಜನ ಇಂಗ್ಲಿಷಿನ wh ಇರುವ ಜಾಗದಲ್ಲಿ ಎಷ್ಟೋ ಸಲ ಫ ಕಾರ ಆಡುತ್ತಾರೆ. ವೈಟ್ ಅವರ ಬಾಯಲ್ಲಿ ಫೈಟ್. ಅಲೆಕ್ಸಾಂಡರ್ ಅನ್ನೋದು ಸ್ಯಾನಿ. ದಾರಿಯಲ್ಲಿ ಸಿಕ್ಕ ಹುಡುಗಿಯನ್ನು ಅವನು ಕೇಳುತ್ತಾನೆ.

"ಸ್ಯಾನಿ ಫೈಟ್ ಮನೆ ಎಲ್ಲಮ್ಮಾ?"

"ಯಾವ ಸ್ಯಾನಿ ಫೈಟ್?"

"ದೊಡ್ಡ ಸ್ಯಾನಿ ಫೈಟ್."

"ಯಾವ ದೊಡ್ಡ ಸ್ಯಾನಿ ಫೈಟ್?"

"ದೊಡ್ಡ, ಉದ್ದನೆಯ ಸ್ಯಾನಿ ಫೈಟ್."

"ಯಾವ ದೊಡ್ಡ, ಉದ್ದನೆಯ ಸ್ಯಾನಿ ಫೈಟ್?"

"ದೊಡ್ಡ, ಉದ್ದನೆಯ, ಮೆಳ್ಳೆಗಣ್ಣಿನ ಸ್ಯಾನಿ ಫೈಟ್!"

"ಓ, 'ಗೌಪ್-ದ-ಲಿಫ್ಟ್'ನಾ! ಅವನ ಸರಿಯಾದ ಹೆಸರು ಹೇಳಿ ಮೊದಲೇ ಕೇಳೋದು ಬಿಟ್ಟು..."

ಅವರ ಮಾತಿನಲ್ಲಿ ಲಿಫ್ಟ್ ಅಂದರೆ ಆಕಾಶ. ಗೌಪ್ ಅಂದರೆ ಬಾಯಿಬಿಟ್ಟುಕೊಂಡು ನೋಡೋದು. ಮುಗಿಲು ನೋಡುವವ. ಮೆಳ್ಳೆಗಣ್ಣಿಗೆ ಇಟ್ಟ ಹೆಸರು. ಇದನ್ನು ಓದಿದವರೆಲ್ಲ ಇಲ್ಲಿ ನಗುತ್ತಾರೆ. ನನಗೆ ಹುಡುಗಿ ಕೊನೆಗೆ ಆಡಿದ ಮಾತು ಮನಸ್ಸಿನಲ್ಲಿ ಉಳಿಯಿತು. "ಸರಿಯಾದ ಹೆಸರು" ಅನ್ನುತ್ತಾಳೆ ಅವಳು. ಚರ್ಚಿನಲ್ಲಿ ಇಟ್ಟ ಅಲೆಕ್ಸಾಂಡರ್ ಅವಳಿಗೆ ಸರಿಯಾದ ಹೆಸರಲ್ಲ, ಯಾಕೆಂದರೆ ಅದು ಯಾರನ್ನೂ ತೋರಿಸೋದಿಲ್ಲ. ಒಬ್ಬನೇ ಒಬ್ಬನನ್ನು ತೋರಿಸುವ ಹೆಸರು ಗೌಪ್-ದ-ಲಿಫ್ಟ್. ಹಾಗಾಗಿ ಅದೇ ಸರಿ. ಅವಳ ಮಾತಿನಲ್ಲಿ ಕುಹಕವಿಲ್ಲ. ಇಷ್ಟು ಸುಲಭದ್ದು ಈ ಮನುಷ್ಯನಿಗೆ ಯಾಕೆ ಹೊಳೆಯಲಿಲ್ಲ ಅನ್ನೋ ಬೇಸರ ಇದೆ ಅಷ್ಟೇ. ಅಡ್ಡಹೆಸರನ್ನು ತಮಾಷೆಯ ಸರಕು ಅಂತ ನೋಡುವವರಿಗೆ ಈ ಹುಡುಗಿಯನ್ನು ತೋರಿಸಬೇಕು ಅನ್ನಿಸುತ್ತದೆ ನನಗೆ.

ಸರ್ಕಾರವೂ ಕೊನೆಗೆ ಅವಳ ಮಾತಿಗೇ ಬಂತು. ಈ ಊರುಗಳು ಸೇರಿದ್ದ ಬ್ಯಾನ್ಫ್‌ಶೈರ್ ಜಿಲ್ಲೆಯ ಹಳೇ ಮತದಾರರ ಪಟ್ಟಿ, ಮನೆ ಕಂದಾಯದ ಪಟ್ಟಿ, ದೋಣಿ ನೋಂದಣಿ, ಎಲ್ಲದರಲ್ಲೂ ಮೀನುಗಾರರ ಹೆಸರಿನ ಪಕ್ಕದಲ್ಲಿ ಟೀ-ನೇಮ್ ಅಚ್ಚಾಗಿದೆ. ಒಂದು ಮಧ್ಯಾಹ್ನ ಅಂಥ ಪಟ್ಟಿಯ ಮುಂದೆ ಕೂತಿದ್ದೆ. ಪುಟದ ತುಂಬ ಸ್ಮಿತ್. ಬೆರಳಿಟ್ಟು ಕೆಳಗೆ ಬಂದಂತೆ ಸ್ಮಿತ್, ಸ್ಮಿತ್, ಸ್ಮಿತ್. ಎಲ್ಲರ ಕಸುಬೂ ಮೀನುಗಾರಿಕೆ. ಹೆಸರು ಓದುತ್ತಾ ಹೋದರೆ ಕಣ್ಣು ಜಾರುತ್ತದೆ, ಯಾರೂ ನಿಲ್ಲೋದಿಲ್ಲ. ಆಮೇಲೆ ಪಕ್ಕದ ಮಾತುಗಳನ್ನು ಓದೋಕೆ ಶುರು ಮಾಡಿದೆ. ಬೋ, ಬೋಸಿ, ಶೇವಿ, ಡೋಸಿ, ರೋಸಿ, ಕಾಸ್ಟಿ, ಲ್ಯಾಟಿನ್, ಕ್ಯಾರಟ್. ಒಬ್ಬೊಬ್ಬರೇ ಎದ್ದು ಬಂದು ಎದುರು ನಿಂತ ಹಾಗಾಯಿತು. ಸಾಲದ ಪುಸ್ತಕಗಳಲ್ಲಿ ಬ್ಯೂಟಿ ಅಂತ ಒಬ್ಬ, ಡೂಡಲ್ ಅಂತ ಇನ್ನೊಬ್ಬ. ಯಾವುದು ಕೂದಲ ಬಣ್ಣಕ್ಕೆ ಇಟ್ಟಿದ್ದು, ಯಾವುದು ಮಗು ತೊದಲಿದ್ದು, ಯಾವುದು ಅಜ್ಜಿಯ ಹೆಸರು, ಯಾವುದು ಅಜ್ಜನ ದೋಣಿಯ ಹೆಸರು ಅನ್ನೋದು ಎಷ್ಟೋ ಮನೆಗಳಲ್ಲಿ ಮರೆತುಹೋಗಿದೆ. ಕಾರಣ ಸತ್ತರೂ ಹೆಸರು ಬದುಕಿತು. ನಮ್ಮಲ್ಲಿ ಮೆಣಸಿನಕಾಯಿ ಅಥವಾ ಉಳ್ಳಾಗಡ್ಡಿ ಅನ್ನೋ ಅಡ್ಡಹೆಸರಿನವರನ್ನು ಯಾಕೆ ಹಾಗೆ ಅಂತ ಕೇಳಿ ನೋಡಿ. ಎಷ್ಟೋ ಜನ ನಕ್ಕು, "ಮೊದಲಿಂದ ಹಂಗೇ ರೀ" ಅನ್ನುತ್ತಾರೆ.

ಎಲ್ಲ ಹೆಸರೂ ಮುಖದ ಮುಂದೆ ಹೇಳುವಂಥದ್ದಲ್ಲ. ಈ ಕರಾವಳಿಯಿಂದ ಕಡಲು ದಾಟಿ ಉತ್ತರಕ್ಕೆ ಹೋದರೆ ಬ್ರೋರಾ, ಗೋಲ್ಸ್ಪಿ, ಎಂಬೋ ಅನ್ನೋ ಊರುಗಳು ಸಿಗುತ್ತವೆ. ಅಲ್ಲಿಯ ಮೀನುಗಾರರದು ಗೇಲಿಕ್ ಭಾಷೆಯಾಗಿತ್ತು. ನ್ಯಾನ್ಸಿ ಡೋರಿಯನ್ ಅನ್ನೋ ಅಮೆರಿಕದ ಭಾಷಾ ವಿದ್ವಾಂಸೆ 1960ರ ದಶಕದಲ್ಲಿ ಅಲ್ಲಿಗೆ ಹೋಗಿ, ಆ ಭಾಷೆಯ ಜೊತೆಗೆ ಅಡ್ಡಹೆಸರುಗಳನ್ನೂ ಅಭ್ಯಾಸ ಮಾಡಿದರು. ಅಲ್ಲಿ ಕೆಲವು ಹೆಸರುಗಳು ಎದುರಿಗೆ ನಡೆಯುತ್ತಿದ್ದವು. ಇನ್ನು ಕೆಲವು ಮಾತಾಡುವವರ ನಡುವೆ ಮಾತ್ರ. ಆ ಹೆಸರಿನವರ ಕಿವಿಗೆ ಬೀಳಬಾರದು, ಅವರ ನೆಂಟರ ಕಿವಿಗೂ ಬೀಳಬಾರದು. ಅಂದರೆ ಒಬ್ಬರ ಹೆಸರು ಗೊತ್ತಿದ್ದರೆ ಸಾಲದು. ಯಾರು ಯಾರಿಗೆ ಏನಾಗಬೇಕು ಅಂತಲೂ ಗೊತ್ತಿರಬೇಕು. ಆಗಲೇ ನೀವು ಆ ಊರಲ್ಲಿ ಬಾಯಿ ತೆರೆಯಬಹುದು.

ಹೆಸರನ್ನು ಆಡಬಾರದು ಅನ್ನೋ ವಿಷಯಕ್ಕೆ ಬಂದರೆ ಇದಕ್ಕಿಂತ ವಿಚಿತ್ರವಾದದ್ದು ಬಕ್ಕಿಯಲ್ಲೇ ಇತ್ತು. ಮೀನುಗಾರರಿಗೆ ಕಡಲಲ್ಲಿ ಕೆಲವು ಮಾತು ನಿಷಿದ್ಧ. ಹಂದಿ ಅನ್ನಬಾರದು. ಸಾಲ್ಮನ್ ಮೀನನ್ನು ಹೆಸರಿಟ್ಟು ಕರೆಯಬಾರದು. ಪಾದ್ರಿ ಅನ್ನಬಾರದು. ಬಾಯಿ ತಪ್ಪಿ ಬಂದರೆ ಕೂಡಲೇ ಕಬ್ಬಿಣ ಮುಟ್ಟಬೇಕು. ಇದು ಎಷ್ಟೋ ಕಡೆ ಇದೆ. ಆದರೆ ಇಲ್ಲಿ ಕೆಲವು ಮನೆತನದ ಹೆಸರುಗಳೇ ಅಪಶಕುನವಾಗಿದ್ದವು. ಆ ಸೀಮೆಯ ಪಾದ್ರಿ ವಾಲ್ಟರ್ ಗ್ರೆಗರ್ 1881ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಬಕ್ಕಿಯಲ್ಲಿ ರಾಸ್ ಮತ್ತು ಕೂಲ್ ಅನ್ನೋ ಹೆಸರು ಕಿವಿಗೆ ಬಿದ್ದರೆ ಉಗುಳುತ್ತಿದ್ದರಂತೆ. ಹಾಗೆ ಉಗುಳೋದಕ್ಕೆ "ಚಿಫ್" ಅನ್ನುತ್ತಿದ್ದರು. ಅಂಥ ಹೆಸರಿನವನು "ಚಿಫರ್-ಊಟ್". ಅವನ ವಿಷಯ ಬಂದರೆ "ಆ ಕೆಲಸ ಮಾಡುವವನು", "ಅಲ್ಲಿ ಇರುವವನು" ಅಂತ ಸುತ್ತಿ ಬಳಸಿ ಹೇಳಬೇಕು. ಹೆರಿಂಗ್ ಮೀನಿನ ಕಾಲದಲ್ಲಿ ಅಂಥವನನ್ನು ಆದಷ್ಟು ದೋಣಿಗೆ ಕೂಲಿಗೂ ಸೇರಿಸಿಕೊಳ್ಳುತ್ತಿರಲಿಲ್ಲ. ಅಬರ್ಡೀನ್‌ಶೈರ್‌ನ ಪೂರ್ವ ಕರಾವಳಿಯ ಕೆಲವು ಊರುಗಳಲ್ಲಿ ಕಡಲಿಗೆ ಹೋಗುವಾಗ ವೈಟ್ ಹೆಸರಿನವನು ಎದುರಾದರೆ ಗಾಳ ಕಳೆದುಹೋಗುತ್ತದೆ, ಮೀನು ಸಿಗೋದಿಲ್ಲ ಅಂತ ನಂಬಿಕೆ ಇತ್ತು. ಹೌದು, ಸ್ಯಾನಿಯ ಮನೆತನದ್ದೇ ಆ ಹೆಸರು.

ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ತಾನು ಏನೂ ಮಾಡದೆ, ಬರೀ ಹೆಸರಿನ ಕಾರಣಕ್ಕೆ ಬಂದರಿನಲ್ಲಿ ಕೂಲಿ ಸಿಗದೆ ವಾಪಸು ಹೋದವನ ಹೊಟ್ಟೆಯ ಪಾಡು ಏನು? ಒಟ್ಟಿಗೆ ಬದುಕುವ ಊರು ಒಬ್ಬನಿಗೆ ಪ್ರೀತಿಯಿಂದ ಹೆಸರು ಕೊಡುವ ಹಾಗೇ ಇನ್ನೊಬ್ಬನ ಹೆಸರನ್ನು ಕಿತ್ತುಕೊಳ್ಳಲೂ ಬಲ್ಲದು. ಅಂಥವನಿಗೆ ಒಂದು ಟೀ-ನೇಮ್ ಇದ್ದರೆ ಅದು ಎಷ್ಟು ದೊಡ್ಡ ಆಸರೆ ಆಗಿರಬೇಕು ಅಂತ ಯೋಚಿಸುತ್ತೇನೆ.

ಊರುಗಳಿಗೂ ಇಲ್ಲಿ ಎರಡೆರಡು ಹೆಸರು. ಫಿಂಡಾಕ್ಟಿ ಅಂತ ಬರೆಯುತ್ತಾರೆ, ಬಾಯಲ್ಲಿ ಫಿನೆಖ್ಟಿ. ಪೋರ್ಟೆಸ್ಸಿ ಊರವರಿಗೆ ಸ್ಲಾಖ್. ಗಾರ್ಡನ್ಸ್‌ಟೌನ್ ಅಂದರೆ ಗೇಮ್ರಿ. ಫ್ರೇಜರ್‌ಬರೋ ಅನ್ನೋದು ಬ್ರಾಖ್. ಪೀಟರ್‌ಹೆಡ್ ಬ್ಲೂ ಟೂನ್. ನಾನು ಬಸ್ಸಿನಲ್ಲಿ ಬೋರ್ಡ್ ಓದಿಕೊಂಡು ಫಿಂಡಾಕ್ಟಿ ಅಂದಾಗಲೆಲ್ಲ ನಾನು ಹೊರಗಿನವನು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು.

ಆ ಕಡೆ ಹಿರಿಯರು ಗುರುತಿಲ್ಲದ ಮಗುವನ್ನು ಕಂಡರೆ ಕೇಳುವ ಒಂದು ಮಾತಿದೆ. "ಫಾಸ್ ಆಖ್ಟ್ ಯೀ?" ಅಕ್ಷರಕ್ಕೆ ಅಕ್ಷರ ಹಿಡಿದರೆ, ನೀನು ಯಾರಿಗೆ ಸೇರಿದವನು ಅಂತ. ನಮ್ಮಜ್ಜಿ ಬಾಗಿಲಲ್ಲಿ ಕೂತು "ಯಾರ ಪೈಕಿ ಅಪ್ಪಾ ನೀನು?" ಅಂತ ಕೇಳುತ್ತಿದ್ದದ್ದು ಇದನ್ನೇ. ಹೆಸರು ಕೇಳೋದಿಲ್ಲ ನೋಡಿ. ಹೆಸರು ಹೇಳಿದರೂ ಪ್ರಯೋಜನವಿಲ್ಲ.

ಈಗ ಈ ಹೆಸರುಗಳ ಕೆಲಸ ಕಮ್ಮಿಯಾಗಿದೆ. ಹೆರಿಂಗ್ ದೋಣಿಗಳು ಹೋದವು, ಗಾಳದ ಹಗ್ಗಗಳು ಹೋದವು, ಮಕ್ಕಳು ಎಣ್ಣೆಬಾವಿಗಳ ಕೆಲಸಕ್ಕೋ ಊರ ಹೊರಗಿನ ಕೆಲಸಕ್ಕೋ ಹೋದರು. ಮಕ್ಕಳಿಗೆ ಅಜ್ಜನ ಹೆಸರೇ ಇಡಬೇಕು ಅನ್ನೋ ಕಟ್ಟು ಸಡಿಲವಾಯಿತು. ಹೊರಗಿನವರು ಬಂದು ಮನೆ ಕೊಂಡರು. ಜನರನ್ನು ಗುರುತು ಹಿಡಿಯೋಕೆ ನಂಬರುಗಳಿವೆ. ಈಗ ಟೀ-ನೇಮ್ ಹುಡುಕಿಕೊಂಡು ಬರುವವರಲ್ಲಿ ವಂಶವೃಕ್ಷ ಬರೆಯುವವರು ಜಾಸ್ತಿ. ಕೆನಡಾದಲ್ಲೋ ನ್ಯೂಜಿಲೆಂಡ್‌ನಲ್ಲೋ ಕೂತು ಮುತ್ತಜ್ಜ ಜೇಮ್ಸ್ ಸ್ಮಿತ್‌ನನ್ನು ಹುಡುಕುವವರಿಗೆ ಆ ಎರಡಕ್ಷರದ ಟೀ-ನೇಮ್ ಸಿಕ್ಕರೆ ದಾರಿ ಸಿಕ್ಕ ಹಾಗೆ. ಸಿಗದಿದ್ದರೆ ಜೇಮ್ಸ್ ಸ್ಮಿತ್‌ಗಳ ಗುಂಪಿನಲ್ಲಿ ಅವನೂ ಕಳೆದುಹೋದ.

ಕೊನೆಯ ಸಲ ಫಿಂಡಾಕ್ಟಿಗೆ ಹೋದಾಗ ಬಂದರಿನ ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಮೊದಲು ಹವಾಮಾನ ಮಾತಾಡಿದೆವು. ಆಮೇಲೆ ನನ್ನ ಹೆಸರು ಕೇಳಿದರು. ನಮ್ಮ ಮನೆತನದ ಅಡ್ಡಹೆಸರು ಮೆಣಸಿನಕಾಯಿ, ಅಂದರೆ ಚಿಲ್ಲಿ ಅಂತ ಹೇಳಿದೆ. ಅವರು ನಗಲಿಲ್ಲ. ತಲೆಯಾಡಿಸಿ, ತಮ್ಮ ಮನೆಯ ಟೀ-ನೇಮ್ ಹೇಳಿದರು. ಬರೆದುಕೊಳ್ಳಲೇ ಅಂತ ಕೇಳಿದ್ದಕ್ಕೆ ಬೇಡ ಅಂದರು. ಹಾಗಾಗಿ ಅದನ್ನು ಇಲ್ಲಿ ಬರೆಯುತ್ತಿಲ್ಲ.

ಮತದಾರರ ಪಟ್ಟಿಯಿಂದ ಒಂದು ಹೆಸರು ಗುರುತು ಹಾಕಿಕೊಂಡು ಹೋಗಿದ್ದೆ. ನೂರು ವರ್ಷಕ್ಕೂ ಹಳೆಯದು. ಸುಮ್ನೆ ಕೇಳಿ ನೋಡೋಣ ಅಂತ ಅವರಿಗೆ ಹೇಳಿದೆ, ಜೇಮ್ಸ್ ಸ್ಮಿತ್ ಅಂತ.

"ಫಿಟ್ ಈನ್?" ಅಂದರು. ಯಾವನು?

ಪಕ್ಕದಲ್ಲಿ ಅಚ್ಚಾಗಿದ್ದ ಮಾತನ್ನು ಹೇಳಿದೆ. ಅವರು ಬೆಂಚಿನಿಂದ ಅರ್ಧ ಎದ್ದು, ಕೋಲು ಎತ್ತಿ ಬಂದರಿನ ಆಚೆಯ ಸಾಲನ್ನು ತೋರಿಸಿದರು. ಅಲ್ಲಿಂದ ಮೂರನೇ ಮನೆ, ನೀಲಿ ಬಾಗಿಲಿನದು.